ಚೌಕಟ್ಟಿನ ಅಂಗಡಿಯಿಂದ ಚಿತ್ರಶಾಲೆಗೆ

ಚಿತ್ರವನ್ನು ಬರೆದವನ ಹೆಸರನ್ನು ಚರಿತ್ರೆಯು ಎಲ್ಲಿಯಾದರೂ ಕಾಪಾಡಿಕೊಳ್ಳುತ್ತದೆ. ಬರೆಯಿಸಿದ ದೊರೆಯ ಹೆಸರೂ ಶಾಸನದಲ್ಲಿಯೋ ಅರಮನೆಯ ಲೆಕ್ಕದಲ್ಲಿಯೋ ಉಳಿಯುತ್ತದೆ. ಆದರೆ ಆ ಚಿತ್ರವನ್ನು ಗೋಡೆಗೆ ತೂಗುಹಾಕಿ, ದಾರಿಯಲ್ಲಿ ಹೋಗುವವರನ್ನು ಅದರ ಮುಂದೆ ತಡೆದು ನಿಲ್ಲಿಸಿ, ಕೊಳ್ಳುವವರೇ ಇಲ್ಲದ ವರ್ಷಗಳಲ್ಲಿ ಅದರ ಬಾಡಿಗೆಯನ್ನೂ ಬೆಳಕನ್ನೂ ತಾನೇ ತೆತ್ತು, ಬರೆದವನಿಗೆ ಇನ್ನೊಂದು ಚಿತ್ರವನ್ನು ಬರೆಯುವ ಧೈರ್ಯವನ್ನು ಕೊಟ್ಟ ವರ್ತಕನನ್ನು ನೆನೆಯುವವರು ವಿರಳ. ವ್ಯಾಪಾರವೆಂದರೆ ಕಲೆಗೆ ಮೈಲಿಗೆಯೆಂಬ ಭಾವನೆ ನಮ್ಮ ಸುಶಿಕ್ಷಿತರಲ್ಲಿ ಬೇರೂರಿರುವುದೇ ಇದಕ್ಕೆ ಕಾರಣವಿರಬಹುದು. ಆ ಭಾವನೆ ಎಷ್ಟು ಅನ್ಯಾಯವಾದುದೆಂಬುದನ್ನು ತಿಳಿಯಬೇಕಾದರೆ ಮುಂಬಯಿ ನಗರದಲ್ಲಿ ಕಳೆದ ಶತಮಾನದ ನಡುಭಾಗದಲ್ಲಿ ನಡೆದ ಒಂದು ಕಥೆಯನ್ನು, ಕೇಕೂ ಗಾಂಧಿ ಎಂಬ ಪಾರಸಿ ಗೃಹಸ್ಥರ ವೃತ್ತಿಜೀವನದ ಕಥೆಯನ್ನು, ಸ್ವಲ್ಪ ಸಾವಧಾನವಾಗಿ ನೋಡಬೇಕು.

ಅವರಿಗಿಂತ ಹಿಂದೆ ಈ ದೇಶದಲ್ಲಿ ಚಿತ್ರದ ಮಾರಾಟ ಇರಲಿಲ್ಲವೆಂದಲ್ಲ. ಚಿತ್ರಗಾರರ ಮನೆತನಗಳು ಮೈಸೂರಿನಲ್ಲಿ, ತಂಜಾವೂರಿನಲ್ಲಿ ಅರಮನೆಯ ಆಶ್ರಯದಲ್ಲಿ ಬಾಳಿದುವು. ಗಿರಾಕಿ ಹೇಳಿದ ದೇವರನ್ನು, ಹೇಳಿದ ಅಳತೆಗೆ, ಹೇಳಿದಷ್ಟು ಚಿನ್ನದ ರೇಕನ್ನು ಹಚ್ಚಿ ಬರೆದುಕೊಟ್ಟುವು. ಅಲ್ಲಿ ಬರೆಯುವವನಿಗೂ ಬರೆಯಿಸುವವನಿಗೂ ನಡುವೆ ಮೂರನೆಯವನಿಗೆ ಸ್ಥಳವಿರಲಿಲ್ಲ. ಮುಂಬಯಿಯಲ್ಲಿ 1857ರಲ್ಲಿ ಜೆ. ಜೆ. ಕಲಾಶಾಲೆಯೂ 1888ರಲ್ಲಿ ಬಾಂಬೆ ಆರ್ಟ್ ಸೊಸೈಟಿಯೂ ಹುಟ್ಟಿಕೊಂಡ ಮೇಲೆ ವರ್ಷಕ್ಕೊಮ್ಮೆ ಪ್ರದರ್ಶನ, ಪದಕ, ಪ್ರಶಸ್ತಿಪತ್ರ ಇವೆಲ್ಲ ಬಂದುವು. ಆದರೆ ಪದಕವನ್ನು ಪಡೆದ ತರುಣನು ಮಾರನೆಯ ದಿನ ತನ್ನ ಚಿತ್ರವನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೋಗಬೇಕಾಗಿತ್ತು. ರಾಜಾ ರವಿವರ್ಮನು 1894ರಲ್ಲಿ ಅದೇ ಊರಿನಲ್ಲಿ ಅಚ್ಚುಕೂಟವನ್ನು ತೆರೆದು ತನ್ನ ಲಕ್ಷ್ಮಿ ಸರಸ್ವತಿಯರನ್ನು ಬಣ್ಣದ ಅಚ್ಚಿನಲ್ಲಿ ದೇಶಕ್ಕೆಲ್ಲ ಹಂಚಲು ಉದ್ಯುಕ್ತನಾದಾಗ ಚಿತ್ರವು ಮೊದಲ ಸಲ ನಿಜವಾದ ಮಾರುಕಟ್ಟೆಯ ವಸ್ತುವಾಯಿತೆನ್ನಬೇಕು. ಆದರೆ ಅವನಿಗೂ ವ್ಯಾಪಾರ ಕೈಹತ್ತಲಿಲ್ಲ, ಅಚ್ಚುಕೂಟವು ಕೆಲವೇ ವರ್ಷಗಳಲ್ಲಿ ಷ್ಲೈಷರ್ ಎಂಬ ಜರ್ಮನ್ ಕುಶಲಕರ್ಮಿಯ ವಶವಾಯಿತು. ಆ ಪಟಗಳು ಮಾತ್ರ ಮನೆಮನೆಗೂ ನುಗ್ಗಿದುವು. ಅವುಗಳೊಡನೆ ಊರೂರಿನಲ್ಲಿಯೂ ಗಾಜನ್ನು ಕೊಯ್ದು, ಮರದ ಪಟ್ಟಿಯನ್ನು ಮೂಲೆಯಲ್ಲಿ ಓರೆಯಾಗಿ ಕೂಡಿಸಿ, ಹಿಂದೆ ರಟ್ಟನ್ನು ಹೊಡೆದು ಪಟಕ್ಕೆ ಕಟ್ಟು ಹಾಕಿಕೊಡುವ ಅಂಗಡಿಗಳು ಹುಟ್ಟಿದುವು. ಹೀಗೆ ನಮ್ಮಲ್ಲಿ ಚಿತ್ರವ್ಯಾಪಾರಿ ಹುಟ್ಟುವುದಕ್ಕೆ ಮುಂಚೆಯೇ ಚೌಕಟ್ಟಿನ ವ್ಯಾಪಾರಿ ಹುಟ್ಟಿದ್ದನು, ಎರಡನೆಯವನ ಅಂಗಡಿಯ ಹಿತ್ತಲಿನಿಂದಲೇ ಮೊದಲನೆಯವನು ಮುಂದೆ ಬರಬೇಕಾಗಿತ್ತು.

ಇದು ನಮ್ಮ ದೇಶದ ವಿಶೇಷವೆಂದು ಭಾವಿಸಬೇಕಾದುದಿಲ್ಲ. ಪ್ಯಾರಿಸಿನಲ್ಲಿ ಪಾಲ್ ಡ್ಯೂರಾಂ-ರುಯೆಲ್ ಎಂಬಾತನ ತಂದೆತಾಯಿಗಳು ಕಾಗದ, ಬಣ್ಣ, ಕುಂಚಗಳ ಅಂಗಡಿಯನ್ನು ಇಟ್ಟಿದ್ದವರು. ಆ ಅಂಗಡಿಯೇ ಮೆಲ್ಲಮೆಲ್ಲನೆ ಚಿತ್ರಗಳ ಅಂಗಡಿಯಾಯಿತು. ಮಗನು 1870ರ ಯುದ್ಧಕಾಲದಲ್ಲಿ ಲಂಡನಿಗೆ ಹೋಗಿ, ಅಲ್ಲಿ ತನ್ನಂತೆಯೇ ಆಶ್ರಯವನ್ನು ಹುಡುಕಿಕೊಂಡು ಬಂದಿದ್ದ ಮೊನೆ, ಪಿಸಾರೊ ಎಂಬ ಅಪ್ರಸಿದ್ಧರನ್ನು ಕಂಡು ಅವರ ಚಿತ್ರಗಳನ್ನು ಕೊಳ್ಳತೊಡಗಿದನು, 1872ರಲ್ಲಿ ಮಾನೆ ಎಂಬ ಇನ್ನೊಬ್ಬ ಚಿತ್ರಕಾರನ 23 ಚಿತ್ರಗಳನ್ನು ಒಟ್ಟಿಗೆ ಕೊಂಡನು, ಸಾಲದಲ್ಲಿ ಮುಳುಗಿದನು, 1886ರಲ್ಲಿ ಸುಮಾರು 300 ಚಿತ್ರಗಳನ್ನು ಹಡಗಿಗೆ ಏರಿಸಿಕೊಂಡು ನ್ಯೂಯಾರ್ಕಿಗೆ ಹೋಗಿ ಅಲ್ಲಿ ಕೊಳ್ಳುವವರನ್ನು ಕಂಡುಕೊಂಡ ಮೇಲೆಯೇ ಆತನ ಕಷ್ಟ ತೀರತೊಡಗಿದ್ದು. ಜಗತ್ತು ನಗುತ್ತಿದ್ದ ಚಿತ್ರಗಳನ್ನು ಹದಿನೈದು ವರ್ಷ ಉಗ್ರಾಣದಲ್ಲಿ ಹಿಡಿದಿಟ್ಟುಕೊಂಡಿರುವ ಶಕ್ತಿ ಲೆಕ್ಕದ ಪುಸ್ತಕದಿಂದ ಬರುವಂಥದಲ್ಲ. ಈ ವೃತ್ತಿಯ ನಿಜವಾದ ಬಂಡವಾಳವು ಹಣಕ್ಕಿಂತ ಹೆಚ್ಚಾಗಿ ಕಾಲವೆಂದು, ಇನ್ನೊಬ್ಬರ ಕಣ್ಣು ತೆರೆಯುವವರೆಗೆ ತನ್ನ ಕಣ್ಣನ್ನು ನಂಬಿ ಕಾಯುವ ತಾಳ್ಮೆಯೆಂದು, ನನಗೆ ದೃಢವಾಗಿ ತೋರುತ್ತದೆ.

ಕೇಕೂ ಗಾಂಧಿ ಹುಟ್ಟಿದ್ದು 1920ರಲ್ಲಿ, ಮುಂಬಯಿಯ ಅನುಕೂಲಸ್ಥ ಪಾರಸಿ ಕುಟುಂಬದಲ್ಲಿ. ಬಾಂದ್ರಾದ ಸಮುದ್ರತೀರದಲ್ಲಿ ಅವರ ತಂದೆ ಕಟ್ಟಿಸಿದ ಕೇಕೀ ಮಂಜಿಲ್ ಎಂಬ ದೊಡ್ಡ ಮನೆ ಮುಂದೆ ಅನೇಕ ಕಲಾವಿದರಿಗೆ ತವರುಮನೆಯಂತಾಯಿತು. ಕೇಂಬ್ರಿಜ್ಜಿನಲ್ಲಿ ಓದುತ್ತಿದ್ದ ಹುಡುಗ 1939ರ ಬೇಸಿಗೆಯ ರಜಕ್ಕೆಂದು ಊರಿಗೆ ಬಂದನು. ಅಷ್ಟರಲ್ಲಿ ಯೂರೋಪಿನಲ್ಲಿ ಯುದ್ಧ ಹತ್ತಿಕೊಂಡಿತು. ಮರಳಿ ಹೋಗುವ ದಾರಿ ಮುಚ್ಚಿತು. ಓದು ಅರ್ಧಕ್ಕೆ ನಿಂತ ಈ ತರುಣನಿಗೆ ರೋಜರ್ ವ್ಯಾನ್ ಡಾಮ್ ಎಂಬ ಬೆಲ್ಜಿಯಂ ದೇಶದವನ ಪರಿಚಯವಾಯಿತು. ಆತನಿಗೆ ಚೌಕಟ್ಟಿಗೆ ಬೇಕಾದ ಅಲಂಕೃತ ಪಟ್ಟಿಗಳನ್ನು ಮಾಡುವ ವಿದ್ಯೆ ಗೊತ್ತಿತ್ತು. 1941ರಲ್ಲಿ ಕೆಮೋಲ್ಡ್ ಎಂಬ ಹೆಸರಿನ ಚೌಕಟ್ಟಿನ ಉದ್ಯಮ ಆರಂಭವಾಯಿತು. ಕಲೆಯ ಸೇವೆಯನ್ನು ಮಾಡುತ್ತೇನೆಂಬ ಸಂಕಲ್ಪ ಅದರ ಹಿಂದೆ ಇದ್ದಂತೆ ಕಾಣುವುದಿಲ್ಲ; ಯುದ್ಧಕಾಲದಲ್ಲಿ ಕೈಗೆ ಸಿಕ್ಕಿದ ಒಂದು ಕಸುಬು, ಅಷ್ಟೆ. ಪ್ರಿನ್ಸೆಸ್ ಸ್ಟ್ರೀಟಿನಲ್ಲಿದ್ದ ಅದರ ಅಂಗಡಿಗೆ ಚೌಕಟ್ಟು ಬೇಕೆಂದು ಬರುವವರಿಗೆ ಚೌಕಟ್ಟನ್ನು ತೋರಿಸಬೇಕಲ್ಲವೆ? ಬರಿಯ ಚೌಕಟ್ಟನ್ನು ತೋರಿಸಿದರೆ ಅದರ ಅಂದ ತಿಳಿಯದು. ಒಳಗೆ ಏನನ್ನಾದರೂ ಇಡಬೇಕು. ಆ ‘ಏನಾದರೂ’ ಎಂಬ ಸ್ಥಾನದಲ್ಲಿ ಬಂದು ನಿಂತುವು ಆರಾ, ಹೆಬ್ಬಾರ್, ಹುಸೇನ್, ರಜಾ ಮೊದಲಾದ ತರುಣರ ಚಿತ್ರಗಳು.

ಆ ತರುಣರ ಸ್ಥಿತಿಗತಿಯನ್ನು ಈಗ ಊಹಿಸಿಕೊಳ್ಳುವುದೂ ಕಷ್ಟ. ಕೆ. ಎಚ್. ಆರಾ ಹೈದರಾಬಾದಿನ ಸಮೀಪದ ಬೊಳಾರಂನಿಂದ ಎಳವೆಯಲ್ಲಿಯೇ ಮುಂಬಯಿಗೆ ಓಡಿಬಂದು ಮೋಟಾರು ತೊಳೆದು ಹೊಟ್ಟೆ ಹೊರೆದವರು. ಮಕ್ಬೂಲ್ ಫಿದಾ ಹುಸೇನರು ಸಿನಿಮಾದ ದೊಡ್ಡ ಹಲಗೆಗಳ ಮೇಲೆ ನಟನಟಿಯರ ಮುಖಗಳನ್ನು ಬರೆದು ದಿನಗೂಲಿಯಲ್ಲಿ ಸಂಸಾರವನ್ನು ನಡೆಸಿದವರು. ನಮ್ಮವರೇ ಆದ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು, 1911ರಲ್ಲಿ ಉಡುಪಿಯ ಬಳಿ ಹುಟ್ಟಿ, ಮುಂಬಯಿಯಲ್ಲಿ ದಂಡಾವತಿಮಠರ ನೂತನ ಕಲಾಮಂದಿರದಲ್ಲಿಯೂ ಅನಂತರ ಜೆ. ಜೆ. ಶಾಲೆಯಲ್ಲಿಯೂ ಅಭ್ಯಾಸಮಾಡಿ, ಅದೇ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದು, ಗೆರೆಯಲ್ಲಿ ಲಯವನ್ನು ಹಿಡಿಯುವ ವಿದ್ಯೆಯಲ್ಲಿ ಸರಿಸಾಟಿಯಿಲ್ಲದವರೆನಿಸುತ್ತಿದ್ದ ಕಾಲ ಅದು. ಇವರ ಚಿತ್ರಗಳನ್ನು ಅಂಗಡಿಯ ಕಿಟಕಿಯಲ್ಲಿ ಕಂಡ ಗಿರಾಕಿಗಳಲ್ಲಿ ಬಹುಮಂದಿ ಚೌಕಟ್ಟಿನ ಬೆಲೆಯನ್ನು ಕೇಳಿ ಹೋಗಿರಬೇಕು. ಕೆಲವರು ಚಿತ್ರದ ಬೆಲೆಯನ್ನೂ ಕೇಳಿದರು. ವೃತ್ತಿಯ ತಿರುವು ಅಲ್ಲಿದೆ.

ಚಿತ್ರದ ಬೆಲೆಯನ್ನು ಕೇಳಿದ ಆ ಕೆಲವರು ಯಾರೆಂಬುದು ಈ ಚರಿತ್ರೆಯ ಅತ್ಯಂತ ಸ್ವಾರಸ್ಯವಾದ ಭಾಗ. ಜರ್ಮನಿಯಲ್ಲಿ ಹಿಟ್ಲರನ ಆಳಿಕೆ ಬಂದಮೇಲೆ ಆಧುನಿಕ ಚಿತ್ರಕಲೆಯನ್ನು ಪತಿತಕಲೆಯೆಂದು ಹೆಸರಿಟ್ಟು 1937ರಲ್ಲಿ ಮ್ಯೂನಿಕ್ ನಗರದಲ್ಲಿ ಅದರ ಅಪಹಾಸ್ಯಕ್ಕಾಗಿಯೇ ಒಂದು ಪ್ರದರ್ಶನವನ್ನು ಏರ್ಪಡಿಸಿದರಷ್ಟೆ. ಆ ಕಲೆಯನ್ನು ಪ್ರೀತಿಸುತ್ತಿದ್ದವರಲ್ಲಿ, ಆ ಆಳಿಕೆಯಿಂದ ಪ್ರಾಣಭಯಕ್ಕೆ ಒಳಗಾದವರಲ್ಲಿ, ಮೂವರು ಮುಂಬಯಿಯಲ್ಲಿ ಬಂದು ಕೂಡಿದರು. ವಿಯೆನ್ನಾದಿಂದ ಬಂದ ವಾಲ್ಟರ್ ಲಾಂಗ್‌ಹಾಮರ್ ಸ್ವತಃ ಚಿತ್ರಕಾರ, ಟೈಮ್ಸ್ ಆಫ್ ಇಂಡಿಯಾದ ಕಲಾನಿರ್ದೇಶಕ. ಆತನ ಮನೆಯಲ್ಲಿ ಭಾನುವಾರಗಳಂದು ತರುಣರ ಗೋಷ್ಠಿ ಸೇರುತ್ತಿತ್ತು, ಅವರ ಚಿತ್ರಗಳನ್ನು ನಿರ್ದಾಕ್ಷಿಣ್ಯವಾಗಿ ತಿದ್ದುವುದೂ ನಡೆಯುತ್ತಿತ್ತು. ರುಡಾಲ್ಫ್ ಫಾನ್ ಲೈಡನ್ ಭೂವಿಜ್ಞಾನವನ್ನು ಓದಿ ಜಾಹೀರಾತಿನ ಉದ್ಯೋಗದಲ್ಲಿದ್ದವನು, ಪತ್ರಿಕೆಯಲ್ಲಿ ಕಲಾವಿಮರ್ಶೆಯನ್ನು ಬರೆದನು. ಎಮಾನುಯೆಲ್ ಷ್ಲೆಸಿಂಗರ್ ಔಷಧಗಳ ಕಾರ್ಖಾನೆಯನ್ನು ಇಟ್ಟವನು, ಚಿತ್ರಗಳನ್ನು ಕೊಂಡನು. ಒಬ್ಬ ಕಲಿಸುವವನು, ಒಬ್ಬ ಬರೆಯುವವನು, ಒಬ್ಬ ಕೊಳ್ಳುವವನು. ಇವರ ನಡುವೆ ತೂಗುಹಾಕುವವನಾಗಿ ಕೇಕೂ. ಒಂದು ಕಲಾಪರಂಪರೆ ಬಾಳಬೇಕಾದರೆ ಬೇಕಾದ ಅಂಗಗಳೆಲ್ಲ ಒಂದು ಮಹಾಪಾತಕದ ಪರಿಣಾಮವಾಗಿ ಆ ಕಡಲತೀರದಲ್ಲಿ ಒಂದುಗೂಡಿದುವೆಂಬುದನ್ನು ನೆನೆದಾಗ ಮನಸ್ಸು ಮೂಕವಾಗುತ್ತದೆ. ತಮ್ಮ ದೇಶದಲ್ಲಿ ತುಳಿದುಹಾಕಿದ ವಸ್ತು ಇಲ್ಲಿ ಬೇರೆ ಬಣ್ಣದಲ್ಲಿ, ಬೇರೆ ಮೈಕಟ್ಟಿನಲ್ಲಿ ಮತ್ತೆ ಮೊಳೆಯುವುದನ್ನು ಕಂಡು ಅವರು ಅದಕ್ಕೆ ನೀರೆರೆದರು.

1947ರಲ್ಲಿ ಸೋಜಾ, ರಜಾ, ಹುಸೇನ್, ಆರಾ, ಗಾಡೆ, ಬಾಕ್ರೆ ಎಂಬ ಆರು ಮಂದಿ ಕೂಡಿ ಪ್ರಗತಿಶೀಲ ಕಲಾವಿದರ ಸಂಘವನ್ನು ಕಟ್ಟಿದರು; 1949ರಲ್ಲಿ ಮುಲ್ಕ್ ರಾಜ್ ಆನಂದರು ಅವರ ಪ್ರದರ್ಶನವನ್ನು ಉದ್ಘಾಟಿಸಿದರು; ಅದೇ ವರ್ಷ ಸೋಜಾ ಲಂಡನಿಗೂ ಮರುವರ್ಷ ರಜಾ ಪ್ಯಾರಿಸಿಗೂ ಹೊರಟುಹೋದರು. ಇದನ್ನು ಕಲೆಯ ಚರಿತ್ರಕಾರರು ವಿಸ್ತಾರವಾಗಿ ಬರೆದಿದ್ದಾರೆ, ಇಲ್ಲಿ ಬೆಳೆಸಬೇಕಾದುದಿಲ್ಲ. ನಮ್ಮ ವಿಷಯಕ್ಕೆ ಮುಖ್ಯವಾದುದು ಬೇರೊಂದು: ಇಷ್ಟು ದೊಡ್ಡ ನಗರದಲ್ಲಿ ಈ ಚಿತ್ರಗಳನ್ನು ತೂಗುಹಾಕಲು ಯೋಗ್ಯವಾದ ಒಂದು ಸಾರ್ವಜನಿಕ ಗೋಡೆ ಇರಲಿಲ್ಲ. ಆ ಕೊರತೆಯನ್ನು ತುಂಬಲು ಸರ್ ಕಾವಸ್‌ಜಿ ಜಹಾಂಗೀರರನ್ನು ಒತ್ತಾಯಪಡಿಸಿದವರಲ್ಲಿ ಅಣುವಿಜ್ಞಾನಿ ಹೋಮಿ ಭಾಭಾರೊಡನೆ ನಮ್ಮ ಹೆಬ್ಬಾರರೂ ಇದ್ದರೆಂಬುದು ಕನ್ನಡಿಗರು ಅಭಿಮಾನದಿಂದ ನೆನೆಯತಕ್ಕ ಸಂಗತಿ. 1952ರಲ್ಲಿ, ವಸ್ತುಸಂಗ್ರಹಾಲಯದ ಮಗ್ಗುಲಲ್ಲಿ, ದುರ್ಗಾ ಬಾಜಪೇಯಿ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಜಹಾಂಗೀರ್ ಆರ್ಟ್ ಗ್ಯಾಲರಿ ಎದ್ದು ನಿಂತಿತು. ಎರಡೇ ವರ್ಷಗಳಲ್ಲಿ ಅಲ್ಲಿ ಅಕ್ಬರ್ ಪದಂಸೀ ಎಂಬ ತರುಣನ ಚಿತ್ರಗಳನ್ನು ಅಶ್ಲೀಲವೆಂದು ಪೊಲೀಸರು ಆಕ್ಷೇಪಿಸಿದರು. ಮೊಕದ್ದಮೆ ನಡೆದು ಚಿತ್ರಕಾರನು ಗೆದ್ದನು. ಗೋಡೆಯೊಂದು ದೊರೆತ ಮಾತ್ರಕ್ಕೆ ಅದರ ಮೇಲೆ ತೂಗುವ ಸ್ವಾತಂತ್ರ್ಯವೂ ದೊರೆತಂತಾಗಲಿಲ್ಲವೆಂಬುದು ಆಗಲೇ ಎಲ್ಲರಿಗೂ ಮನವರಿಕೆಯಾಯಿತು.

ಆದರೆ ಬಾಡಿಗೆಯ ಸಭಾಂಗಣಕ್ಕೂ ವ್ಯಾಪಾರಿಯ ಚಿತ್ರಶಾಲೆಗೂ ಬಹಳ ಅಂತರವಿದೆ, ಅದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಸಭಾಂಗಣದಲ್ಲಿ ಕಲಾವಿದನು ಮುಂಗಡವಾಗಿ ಹಣವನ್ನು ಕಟ್ಟಿ, ಸರದಿಗಾಗಿ ವರ್ಷಗಟ್ಟಲೆ ಕಾದು, ಒಂದು ವಾರದ ಮಟ್ಟಿಗೆ ಗೋಡೆಗೆ ಒಡೆಯನಾಗುತ್ತಾನೆ. ಮೊಳೆ ಹೊಡೆಯುವವನೂ ಅವನೇ, ಬಂದವರಿಗೆ ಬೆಲೆ ಹೇಳಿ ನಾಚುವವನೂ ಅವನೇ. ವಾರ ಮುಗಿದರೆ ಸಂಬಂಧ ಮುಗಿಯಿತು. ವ್ಯಾಪಾರಿಯ ಚಿತ್ರಶಾಲೆಯಲ್ಲಿ ಹಾಗಲ್ಲ. ಆತನು ಮೊದಲು ಕಲಾವಿದನ ಮನೆಗೆ ಹೋಗಿ ಗೋಡೆಗೆ ಮುಖಮಾಡಿ ಒರಗಿಸಿಟ್ಟಿರುವ ಚಿತ್ರಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಾನೆ. ಮೂವತ್ತರಲ್ಲಿ ಹನ್ನೆರಡನ್ನು ಆರಿಸುತ್ತಾನೆ. ಯಾವುದರ ಪಕ್ಕದಲ್ಲಿ ಯಾವುದು ನಿಂತರೆ ಎರಡೂ ಬೆಳಗುವುವೆಂದು ಯೋಚಿಸಿ ತೂಗುಹಾಕುತ್ತಾನೆ. ಬೆಲೆಯನ್ನು ಕಟ್ಟುತ್ತಾನೆ, ಮಾರಿದುದರ ಪಕ್ಕದಲ್ಲಿ ಸಣ್ಣ ಕೆಂಪು ಚುಕ್ಕೆಯನ್ನು ಅಂಟಿಸುತ್ತಾನೆ, ಬಂದ ಹಣದಲ್ಲಿ ಮೂರರಲ್ಲೊಂದು ಪಾಲನ್ನೋ ಅರ್ಧವನ್ನೋ ತನ್ನ ಕಮಿಷನ್ನೆಂದು ಹಿಡಿದು ಉಳಿದುದನ್ನು ಕೊಡುತ್ತಾನೆ. ಕೆಂಪು ಚುಕ್ಕೆ ಒಂದೂ ಬೀಳದ ಪ್ರದರ್ಶನದ ನಷ್ಟ ಅವನದು. ಆ ನಷ್ಟವನ್ನು ಹೊತ್ತು ಎರಡು ವರ್ಷದ ಮೇಲೆ ಅದೇ ಕಲಾವಿದನಿಗೆ ಮತ್ತೆ ಗೋಡೆಯನ್ನು ಕೊಡುವವನೇ ನಿಜವಾದ ವ್ಯಾಪಾರಿ. ಈಗ ನಾವು ಕ್ಯುರೇಟರ್ ಎಂದು ಕರೆಯುವ ಕಲಾಸಂಯೋಜಕನ ಕೆಲಸವೂ ಆಗ ಅವನ ಪಾಲಿಗೇ ಸೇರಿತ್ತು.

ಅಂಥ ಶಾಲೆಯೊಂದನ್ನು ಕೇಕೂ ಗಾಂಧಿ ಮತ್ತು ಅವರ ಪತ್ನಿ ಖೋರ್ಷೆದ್ ಇಬ್ಬರೂ 1963ರಲ್ಲಿ ಜಹಾಂಗೀರ್ ಗ್ಯಾಲರಿಯ ಮೊದಲನೆಯ ಮಹಡಿಯ ಒಂದು ಸಣ್ಣ ಕೊಠಡಿಯಲ್ಲಿ ತೆರೆದರು. ಗ್ಯಾಲರಿ ಕೆಮೋಲ್ಡ್ ಎಂದು ಅದರ ಹೆಸರು. ಅದೇ ವರ್ಷ ಫ್ಲೋರಾ ಫೌಂಟನ್ನಿನ ಬಳಿ ಪಂಡೋಲೆ ಚಿತ್ರಶಾಲೆಯೂ ತೆರೆಯಿತು. ಕಾಲಿ ಪಂಡೋಲೆಯವರದೂ ಚೌಕಟ್ಟಿನ ಅಂಗಡಿಯೇ ಆಗಿದ್ದು, ಹುಸೇನರ ಪ್ರೋತ್ಸಾಹದಿಂದ ಅದು ಚಿತ್ರಶಾಲೆಯಾಯಿತೆಂಬುದನ್ನು ನೋಡಿದರೆ ಚೌಕಟ್ಟಿನ ಅಂಗಡಿಯಿಂದಲೇ ಚಿತ್ರವ್ಯಾಪಾರಿ ಬಂದನೆಂದು ನಾನು ಮೇಲೆ ಹೇಳಿದ ಮಾತು ಒಬ್ಬರ ವಿಷಯದಲ್ಲಿ ಮಾತ್ರ ನಿಜವಲ್ಲವೆಂಬುದು ಸ್ಪಷ್ಟವಾಗುತ್ತದೆ. ದೆಹಲಿಯಲ್ಲಿ ಧೂಮಿಮಲ್ ಎಂಬ ಅಂಗಡಿ 1936ರಿಂದಲೂ, ಕುಮಾರ್ ಗ್ಯಾಲರಿ 1955ರಿಂದಲೂ ಚಿತ್ರಗಳನ್ನು ಮಾರುತ್ತಿದ್ದುವು. ಆದರೂ ಕೊಳ್ಳುವವರ ಸಂಖ್ಯೆ ಅತ್ಯಲ್ಪ. ಭಾಭಾರವರು ತಮ್ಮ ವಿಜ್ಞಾನಮಂದಿರದ ಗೋಡೆಗಳಿಗಾಗಿ ಚಿತ್ರಗಳನ್ನು ಕೊಳ್ಳುತ್ತಿದ್ದರು, ಕೆಲವು ಪರದೇಶೀಯರು, ಕೆಲವು ಡಾಕ್ಟರರು, ವಕೀಲರು, ಅಷ್ಟೆ. ಚಿತ್ರಶಾಲೆಯ ಒಲೆ ಉರಿಯುತ್ತಿದ್ದುದು ಚೌಕಟ್ಟಿನ ಕಾರ್ಖಾನೆಯ ಸೌದೆಯಿಂದ ಎಂದರೆ ಅತಿಶಯೋಕ್ತಿಯಾಗದು.

ಆ ಚಿಕ್ಕ ಕೊಠಡಿ ಮಾಡಿದ ಕೆಲಸಗಳಲ್ಲಿ 1975ರ ಪ್ರದರ್ಶನವೊಂದನ್ನು ನಾನು ಮಿಕ್ಕೆಲ್ಲಕ್ಕಿಂತ ಮೇಲೆ ಇಡುತ್ತೇನೆ. ಆಗಿನ ಠಾಣೆ ಜಿಲ್ಲೆಯ ವಾರ್ಲಿ ಜನರಲ್ಲಿ ಮದುವೆಯ ಕಾಲಕ್ಕೆ ಮುತ್ತೈದೆಯರು ಗುಡಿಸಲಿನ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನಿಂದ ದೇವಿಯ ಚೌಕವನ್ನು ಬರೆಯುವ ಪದ್ಧತಿ ಉಂಟು. ಅದನ್ನು ಭಾಸ್ಕರ ಕುಲಕರ್ಣಿ ಎಂಬ ಕಲಾವಿದರು ಕಂಡು, ಗಂಡಸಾಗಿಯೂ ಆ ವಿದ್ಯೆಯನ್ನು ಕೈವಶಮಾಡಿಕೊಂಡಿದ್ದ ಜಿವ್ಯಾ ಸೋಮಾ ಮ್ಹಶೆಯನ್ನು ಹೊರಗೆ ಕರೆತಂದರು. ಆತನ ಚಿತ್ರಗಳನ್ನು ಗಾಂಧಿ ದಂಪತಿಗಳು, ಪ್ಯಾರಿಸಿನಲ್ಲಿ ಓದಿಬಂದವರ ಚಿತ್ರಗಳು ತೂಗುತ್ತಿದ್ದ ಅದೇ ಗೋಡೆಯ ಮೇಲೆ, ಅದೇ ಬೆಳಕಿನಲ್ಲಿ ತೂಗುಹಾಕಿದರು. ಕರಕುಶಲ ವಸ್ತುಗಳ ಮಳಿಗೆಯಲ್ಲಿ ಮಾರಿದ್ದರೆ ಅವು ಅಲಂಕಾರಗಳಾಗಿ ಉಳಿಯುತ್ತಿದ್ದುವು. ಇಲ್ಲಿ ಅವಕ್ಕೆ ಬರೆದವನ ಹೆಸರು ಸೇರಿತು. ಹೆಸರಿಲ್ಲದೆ ತಲೆಮಾರುಗಳಿಂದ ಬರೆದ ಜನದಲ್ಲಿ ಒಬ್ಬನಿಗೆ ಹೆಸರನ್ನು ಕೊಡುವುದು ಸಣ್ಣ ಮಾತಲ್ಲ.

ಕೆಮೋಲ್ಡ್ ಕೈಹಿಡಿದ ಇನ್ನೊಬ್ಬನನ್ನೂ ಇಲ್ಲಿ ನೆನೆಯಬೇಕು. ಬರೋಡೆಯಲ್ಲಿ ಲೆಕ್ಕಪರಿಶೋಧಕನ ಕೆಲಸವನ್ನು ಮಾಡುತ್ತ ಚಿತ್ರ ಬರೆಯುತ್ತಿದ್ದ ಭೂಪೇನ್ ಖಖ್ಖರ್ ಮುಂಬಯಿಯಲ್ಲಿ 1965ರಲ್ಲಿ ತನ್ನ ಮೊದಲ ಪ್ರದರ್ಶನವನ್ನು ಮಾಡಿದಾಗ, ಪೇಟೆಯಲ್ಲಿ ಮಾರುವ ದೇವರ ಪಟಗಳನ್ನು, ರವಿವರ್ಮನ ಸಂತಾನವೆನ್ನಬಹುದಾದ ಅದೇ ಪಟಗಳನ್ನು, ಕತ್ತರಿಸಿ ಅಂಟಿಸಿ ಹೊಸ ಚಿತ್ರಗಳನ್ನು ಮಾಡಿದ್ದನು. ಪೂಜಾಗೃಹದ ಪಟವು ಹೀಗೆ ಚಿತ್ರಶಾಲೆಗೆ ಬಂದುದನ್ನು ಕಂಡು ಮುಖ ಸಿಂಡರಿಸಿದವರು ಇದ್ದರು. ಅಂಥವನನ್ನು ಮುಂದಿನ ದಶಕಗಳಲ್ಲಿ ಬಿಡದೆ ಹಿಡಿದು ತೋರಿಸಿದ ಮನೆಗಳಲ್ಲಿ ಕೆಮೋಲ್ಡ್ ಮುಖ್ಯವಾದುದು.

1988ರಲ್ಲಿ ಮಗಳು ಶಿರೀನ್ ಗಾಂಧಿ ಚಿತ್ರಶಾಲೆಯ ಹೊಣೆಯನ್ನು ವಹಿಸಿಕೊಂಡರು; ಮರುವರ್ಷ ಚಿತ್ರಕಾರ ಅತುಲ್ ದೋಡಿಯಾರ ಮೊದಲ ಪ್ರದರ್ಶನ ಅಲ್ಲಿ ನಡೆಯಿತು. 1992ರ ಕೊನೆಯಲ್ಲಿ ಅಯೋಧ್ಯೆಯ ಮಸೀದಿ ಉರುಳಿ, ಮುಂಬಯಿಯ ಬೀದಿಗಳಲ್ಲಿ ರಕ್ತ ಹರಿದಾಗ, ವಯಸ್ಸು ಎಪ್ಪತ್ತನ್ನು ದಾಟಿದ್ದ ಕೇಕೂ ನೆರೆಹೊರೆಯವರನ್ನು ಕೂಡಿಸಿ ಶಾಂತಿಯನ್ನು ಕಾಯುವ ಮೊಹಲ್ಲಾ ಸಮಿತಿಗಳ ಕೆಲಸದಲ್ಲಿ ತೊಡಗಿದರು. ಅದೇ ದುರ್ದಿನಗಳಲ್ಲಿ, ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿದ ಶೀಲಾ ಗೌಡರು ತೈಲವರ್ಣವನ್ನು ಬಿಟ್ಟು ಸಗಣಿಯನ್ನು ಕೈಗೆತ್ತಿಕೊಂಡಿದ್ದರು. ನಮ್ಮ ಹೆಂಗಸರು ಬೆಳಗಾದರೆ ಅಂಗಳಕ್ಕೆ ಸಾರಿಸುವ, ಬೆರಣಿ ತಟ್ಟುವ ವಸ್ತುವಿನಿಂದ ಆ ಕಾಲದ ಹಿಂಸೆಯನ್ನೂ ಹೆಣ್ಣಿನ ಮೈಮುರಿವ ದುಡಿಮೆಯನ್ನೂ ಕುರಿತು ಮಾತನಾಡಿದ ಅವರ ಕೃತಿಗಳು 1993ರಲ್ಲಿ ಕೆಮೋಲ್ಡಿನಲ್ಲಿ ಪ್ರದರ್ಶಿತವಾದುವು. ಅವುಗಳನ್ನು ಕೊಂಡು ದಿವಾನಖಾನೆಯಲ್ಲಿ ಇಡುವವರು ಆಗ ಎಷ್ಟು ಮಂದಿ ಇದ್ದಾರು? ಕೊಳ್ಳುವವನಿಲ್ಲದ ವಸ್ತುವಿಗೆ ವ್ಯಾಪಾರಿಯು ಗೋಡೆಯನ್ನು ಬಿಟ್ಟುಕೊಟ್ಟನೆಂದರೆ ಅವನ ವೃತ್ತಿಯಲ್ಲಿ ವ್ಯಾಪಾರಕ್ಕಿಂತ ಹಿರಿದಾದುದೊಂದು ಇದೆಯೆಂದು ಒಪ್ಪಬೇಕಾಗುತ್ತದೆ.

ಇನ್ನು ಬೆಲೆಯ ಮಾತು. 2002ರಲ್ಲಿ ತೈಯಬ್ ಮೆಹ್ತಾರ ಒಂದು ದೊಡ್ಡ ಚಿತ್ರವು ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು ಒಂದೂವರೆ ಕೋಟಿ ರೂಪಾಯಿಗೆ ಮಾರಾಟವಾದಾಗ ದೇಶದ ಪತ್ರಿಕೆಗಳೆಲ್ಲ ಚಿತ್ರಕಲೆಯ ಕಡೆಗೆ ತಿರುಗಿ ನೋಡಿದುವು. ಹುಸೇನರು 1954ರಲ್ಲಿ ಬರೆದ ‘ಗ್ರಾಮಯಾತ್ರೆ’ ಬರೆದ ಕಾಲದಲ್ಲಿಯೇ ದೆಹಲಿಯಲ್ಲಿ ಒಬ್ಬ ವಿದೇಶೀ ವೈದ್ಯನ ಕೈಸೇರಿ, ನಾರ್ವೆಯ ಓಸ್ಲೋ ನಗರದ ಆಸ್ಪತ್ರೆಯೊಂದರಲ್ಲಿ ದಶಕಗಳ ಕಾಲ ಇದ್ದು, 2025ರ ಮಾರ್ಚಿನಲ್ಲಿ ಹರಾಜಿಗೆ ಬಂದು 118 ಕೋಟಿ ರೂಪಾಯಿಗೆ ಮಾರಾಟವಾಯಿತು. ಬರೆದವರು ತೀರಿಕೊಂಡು ಸುಮಾರು ಹದಿನಾಲ್ಕು ವರ್ಷಗಳಾಗಿದ್ದುವು. ಹರಾಜಿನ ಸುತ್ತಿಗೆ ಕೇಳಿಸುವುದು ಕೊನೆಯಲ್ಲಿ. ಅಲ್ಲಿ ಹಣ ಬಹುಮಟ್ಟಿಗೆ ಒಬ್ಬ ಧನಿಕನಿಂದ ಇನ್ನೊಬ್ಬ ಧನಿಕನಿಗೆ ಹೋಗುತ್ತದೆ. ಕಲಾವಿದನ ಮನೆಯ ಅಕ್ಕಿಗೆ ದಾರಿಯಾದುದು ಮೊದಲನೆಯ ಮಾರಾಟ, ಕೆಲವು ನೂರು ರೂಪಾಯಿಗಳ ಮಾರಾಟ. ಹರಾಜಿನ ಅಂಕಿಗಳನ್ನು ಬಾಯಿಪಾಠ ಮಾಡುವ ನಮ್ಮ ಕಾಲ ಆ ಮೊದಲನೆಯ ಮಾರಾಟವನ್ನು ನಡೆಸಿಕೊಟ್ಟವರನ್ನು ಮರೆಯುತ್ತಿರುವುದು ನನಗೆ ವ್ಯಥೆಯನ್ನುಂಟುಮಾಡುತ್ತದೆ.

ಖಾಸಗಿ ಚಿತ್ರಶಾಲೆಯೊಂದರಿಂದಲೇ ನಗರದ ಕಲೆ ಉಳಿಯಲಾರದೆಂದು ಕೇಕೂ ಬಹುಕಾಲದಿಂದ ತಿಳಿದಿದ್ದರು. ರಾಷ್ಟ್ರೀಯ ಆಧುನಿಕ ಕಲಾಸಂಗ್ರಹಾಲಯದ ಶಾಖೆಯೊಂದು ಮುಂಬಯಿಗೆ ಬರಬೇಕೆಂದು ಪಟ್ಟುಹಿಡಿದು ಶ್ರಮಿಸಿದವರಲ್ಲಿ ಅವರು ಪ್ರಮುಖರು. 1996ರಲ್ಲಿ ಕಾವಸ್‌ಜಿ ಜಹಾಂಗೀರ್ ಸಾರ್ವಜನಿಕ ಸಭಾಭವನದೊಳಗೆ ಅದು ತೆರೆಯಿತು. 2007ರಲ್ಲಿ ಕೆಮೋಲ್ಡ್ ಜಹಾಂಗೀರಿನ ಮಹಡಿಯನ್ನು ಬಿಟ್ಟು ಕೋಟೆಯ ಪ್ರದೇಶದ ಪ್ರೆಸ್ಕಾಟ್ ರಸ್ತೆಯ ಹಳೆಯ ಕಟ್ಟಡವೊಂದರ ವಿಶಾಲವಾದ ಅಂಕಣಕ್ಕೆ ಸಾಗಿತು. 2009ರಲ್ಲಿ ಸರ್ಕಾರವು ಕೇಕೂ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ಕೊಟ್ಟಿತು. ಹೆಬ್ಬಾರರಿಗೆ ಅದು 1961ರಲ್ಲಿಯೇ ಸಂದಿತ್ತು, ಅಂದರೆ ಬರೆದವರನ್ನು ಗುರುತಿಸಿದ ನಾಡಿಗೆ ತೂಗುಹಾಕಿದವರನ್ನು ಗುರುತಿಸಲು ಮತ್ತೆ ಸುಮಾರು ಐವತ್ತು ವರ್ಷ ಬೇಕಾಯಿತು. ಕೇಕೂ 2012ರ ನವೆಂಬರಿನಲ್ಲಿ, ತಮ್ಮ ತೊಂಬತ್ತೆರಡನೆಯ ವಯಸ್ಸಿನಲ್ಲಿ ತೀರಿಕೊಂಡರು, ಖೋರ್ಷೆದ್ ಮರುವರ್ಷ. ಚಿತ್ರಶಾಲೆಯನ್ನು ಮಗಳು ನಡೆಸುತ್ತಿದ್ದಾರೆ.